ಟಿ.ವಿ. ತೂಗುಹಾಕಲು ಗೋಡೆಯ ಪರೀಕ್ಷೆ ಮತ್ತು ಬ್ರಾಕೆಟ್ಟಿನ ಆಯ್ಕೆ



ಈ ಪುಟಗಳಲ್ಲಿ ನಾವು ಬೋರ್ಡೋ ದ್ರಾವಣ, ಕೊಳೆ ರೋಗ, ಕಾಯಿ ಕೊರಕ, ಸಾಲದ ಮರುಪಾವತಿ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ಮನೆಯೊಳಗಿನ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಕಾರಣವಿಷ್ಟೆ: ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ವ್ಯಾಪ್ತಿಯೊಳಗೇ ಮೂರು ಮನೆಗಳಲ್ಲಿ ಗೋಡೆಗೆ ಹಾಕಿದ್ದ ಟಿ.ವಿ. ಕಳಚಿ ಬಿದ್ದಿತು. ಎರಡು ಕಡೆ ಆದದ್ದು ಹಣದ ನಷ್ಟ ಮಾತ್ರ. ಮೂರನೆಯ ಮನೆಯಲ್ಲಿ ಟಿ.ವಿ.ಯ ಕೆಳಗೇ ಮೊಮ್ಮಗುವಿನ ತೊಟ್ಟಿಲು ಇರುತ್ತಿತ್ತು. ಆ ದಿನ ಸಂಜೆ ಥಂಡಿಯೆಂದು ಅಜ್ಜಿ ತೊಟ್ಟಿಲನ್ನು ಒಳಕೋಣೆಗೆ ತರಿಸಿಕೊಂಡಿದ್ದರಿಂದ ಮಗು ಉಳಿಯಿತು.

ಬಿದ್ದುದು 55 ಇಂಚಿನ ಟಿ.ವಿ., ತೂಕ 16 ಕಿಲೋ. ನಾವು ಮಾರನೆಯ ದಿನ ಹೋಗಿ ನೋಡಿದಾಗ ಬ್ರಾಕೆಟ್ಟಿಗೆ ಏನೂ ಆಗಿರಲಿಲ್ಲ, ಒಂದು ಕಡೆಯೂ ಬಾಗಿರಲಿಲ್ಲ. ನಾಲ್ಕೂ ತಿರುಪುಮೊಳೆಗಳು ಪ್ಲಾಸ್ಟಿಕ್ ಪ್ಲಗ್ಗುಗಳ ಸಮೇತ, ಅಂಟಿಕೊಂಡ ಕೆಮ್ಮಣ್ಣಿನೊಡನೆ, ಹಲ್ಲು ಕಿತ್ತ ಹಾಗೆ ಹೊರಬಂದಿದ್ದವು. ಅಂದರೆ ಸೋತದ್ದು ಗೋಡೆ. ಹತ್ತು ನಿಮಿಷದಲ್ಲಿ ಟಿ.ವಿ. ಹಾಕಿ ಹೋದ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಪೇಟೆಯ ಮನೆಗಳಲ್ಲಿ ದಿನವಿಡೀ ಇದೇ ಕೆಲಸ ಮಾಡುವವನಿಗೆ ನಮ್ಮ ಕಡೆಯ ಗೋಡೆಯ ಒಳಗೆ ಏನಿದೆಯೆಂದು ತಿಳಿದಿರುವುದಿಲ್ಲ. ಅದು ತಿಳಿದಿರಬೇಕಾದವರು ಮನೆಯವರೇ. ಆದುದರಿಂದ ಈ ಪಾಠ.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಬಣ್ಣದ ಪ್ರಸಾರ ದೇಶಕ್ಕೆ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಗುಡ್ಡದ ನೆತ್ತಿಯ ಮೇಲೆ ಬಿದಿರು ನೆಟ್ಟು ಆಂಟೆನಾ ಕಟ್ಟಿ, ಚಿತ್ರಕ್ಕಿಂತ ಹೆಚ್ಚಾಗಿ ಚುಕ್ಕಿಗಳನ್ನೇ ನೋಡಿದ ಕಾಲವನ್ನು ಹಿರಿಯ ಸದಸ್ಯರು ಮರೆತಿರಲಾರರು. ಆಗಿನ 21 ಇಂಚಿನ ಗಾಜಿನ ಕೊಳವೆಯ ಪೆಟ್ಟಿಗೆ 20 ಕಿಲೋ ಮೀರಿ ತೂಗುತ್ತಿತ್ತು. ಆದರೆ ಆ ಪೆಟ್ಟಿಗೆಗೆ ಗೋಡೆಯ ಹಂಗಿರಲಿಲ್ಲ. ಹಲಸಿನ ಮೇಜಿನ ಮೇಲೆ ಕೂತಿರುತ್ತಿತ್ತು. ಈಗಿನ ತೆಳು ಟಿ.ವಿ. ತೂಕದಲ್ಲಿ ಅದಕ್ಕಿಂತ ಹಗುರ. 32 ಇಂಚಿನದು ಸುಮಾರು 4ರಿಂದ 5 ಕಿಲೋ, 43 ಇಂಚಿನದು 7ರಿಂದ 10, 55 ಇಂಚಿನದು 14ರಿಂದ 18 ಕಿಲೋ. ಹಗುರವೆಂಬ ಈ ಒಂದು ಮಾತೇ ಜನರನ್ನು ಮೋಸಗೊಳಿಸುತ್ತಿದೆ.

ಗೋಡೆಯೊಳಗೆ ಏನಿದೆ?

ನಮ್ಮ ಭಾಗದ ಒಂದೇ ಮನೆಯಲ್ಲಿ ಮೂರು ತಲೆಮಾರಿನ ಗೋಡೆಗಳಿರುವುದು ಸಾಮಾನ್ಯ. ಜಗಲಿ ಮತ್ತು ನಡುಮನೆ ಅಜ್ಜನ ಕಾಲದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಅಡಿಗೆಮನೆಯ ಕಡೆ ತಂದೆಯ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸೇರಿಸಿದ ಕೋಣೆ ಸಿಮೆಂಟ್ ಬ್ಲಾಕಿನದು. ಇವೆಲ್ಲಕ್ಕೂ ಮೇಲಿನಿಂದ ಸಿಮೆಂಟ್ ಗಾರೆ ಬಳಿದು ಒಂದೇ ಬಣ್ಣ ಹೊಡೆದಿರುವುದರಿಂದ ಕಣ್ಣಿಗೆ ಎಲ್ಲವೂ ಒಂದೇ. ಕೈಯಿಂದ ತಟ್ಟಿ ನೋಡಿದರೂ ಗಟ್ಟಿಯೆನಿಸುತ್ತದೆ, ಏಕೆಂದರೆ ನಾವು ತಟ್ಟುತ್ತಿರುವುದು ಮೇಲಿನ ಗಾರೆಯನ್ನು.

ಎಲ್ಲಕ್ಕಿಂತ ಮೋಸದ ಗೋಡೆಯೆಂದರೆ ಸಿಮೆಂಟ್ ಗಾರೆ ಮೆತ್ತಿದ ಮಣ್ಣಿನ ಗೋಡೆ. ಮಣ್ಣು ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ವರ್ಷಗಳು ಕಳೆದಂತೆ ಗಾರೆ ಮಣ್ಣಿನಿಂದ ಬಿಟ್ಟುಕೊಂಡು, ರೊಟ್ಟಿ ಉಬ್ಬಿದ ಹಾಗೆ ಅಲ್ಲಲ್ಲಿ ಬೇರೆ ನಿಂತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಜಾಗ ಇಂಥದು. ಇಲ್ಲಿ 50 ಮಿ.ಮೀ. ಉದ್ದದ ಪ್ಲಗ್ಗು ಹಾಕಿದರೆ ಅದರಲ್ಲಿ 20 ಮಿ.ಮೀ. ಗಾರೆಯಲ್ಲಿಯೇ ಕಳೆದುಹೋಗಿ, ಉಳಿದ 30 ಮಿ.ಮೀ. ಪುಡಿಮಣ್ಣನ್ನು ಹಿಡಿದು ನಿಂತಿರುತ್ತದೆ. ಗಾರೆಯನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಅದರ ಹಿಂದಿನ ಗೋಡೆಯೊಳಗೆ ಪ್ಲಗ್ಗು ಎಷ್ಟು ಹೋಗಿದೆಯೋ ಅಷ್ಟೇ ಹಿಡಿತ.

ಪರೀಕ್ಷೆ ಬಹಳ ಸುಲಭ. ಟಿ.ವಿ.ಯ ಹಿಂದೆ ಮರೆಯಾಗುವ ಜಾಗದಲ್ಲಿ 6 ಮಿ.ಮೀ. ಬಿಟ್ಟಿನಿಂದ ಒಂದು ತೂತು ಕೊರೆಯಿರಿ. ಕೆಳಗೊಂದು ಬಿಳಿ ಕಾಗದ ಹಿಡಿದು ಪುಡಿಯನ್ನು ಸಂಗ್ರಹಿಸಿ. ಮೊದಲು ಬರುವ ಬೂದು ಪುಡಿ ಗಾರೆಯದು. ಅದನ್ನು ಬಿಟ್ಟು ನಂತರದ್ದನ್ನು ನೋಡಬೇಕು. ಬೂದು ಪುಡಿಯೇ ಮುಂದುವರಿದು ಬಿಟ್ಟು ನಿಧಾನವಾಗಿ ಒಂದೇ ಸಮನೆ ಇಳಿದರೆ ಅದು ಗಟ್ಟಿ ಸಿಮೆಂಟ್ ಬ್ಲಾಕು ಇಲ್ಲವೆ ಕಾಂಕ್ರೀಟು. ಇಳಿಯುತ್ತಿದ್ದ ಬಿಟ್ಟು ಒಮ್ಮೆಲೆ ಮುಗ್ಗರಿಸಿ ಒಳಗೆ ಹೋದರೆ ಟೊಳ್ಳು ಬ್ಲಾಕು. ನುಣುಪಾದ ಕೆಂಪು ಪುಡಿ ಇಟ್ಟಿಗೆಯದು. ಮರಳಿನ ಹಾಗೆ ತರಿತರಿಯಾಗಿ, ಹಳದಿ ಕೆಂಪು ಬೆರೆತು ಬಂದರೆ ಜಂಬಿಟ್ಟಿಗೆ. ಹಿಟ್ಟಿನಂತಹ ಬಿಳಿ ಪುಡಿಯಾದರೆ ಈಚೆಗೆ ಬಂದಿರುವ, ನೀರಿನಲ್ಲಿ ತೇಲುವಷ್ಟು ಹಗುರವಾದ ಬಿಳಿ ಬ್ಲಾಕು. ಬೆರಳಿನಲ್ಲಿ ಉಜ್ಜಿದರೆ ಮೆತ್ತಗೆ ಅಂಟಿಕೊಂಡು ಒದ್ದೆ ವಾಸನೆ ಬಂದರೆ ಅದು ಮಣ್ಣು. ಅಲ್ಲಿಗೆ ಪ್ಲಾಸ್ಟಿಕ್ ಪ್ಲಗ್ಗಿನ ಮಾತು ಮುಗಿಯಿತು.

ಹಾಗಾದರೆ ಮಣ್ಣಿನ ಗೋಡೆಯವರು ಏನು ಮಾಡಬೇಕು? ನಮ್ಮ ಹಿರಿಯರ ನಾಗಂದಿಗೆಯನ್ನು ಒಮ್ಮೆ ತಲೆ ಎತ್ತಿ ನೋಡಿ. ಉಪ್ಪಿನಕಾಯಿ ಜಾಡಿಗಳನ್ನೂ ತಾಮ್ರದ ಹಂಡೆಗಳನ್ನೂ ಎರಡು ಮೂರು ತಲೆಮಾರು ಹೊತ್ತು ನಿಂತ ಆ ಹಲಗೆಯ ಅಡಿಯ ಮರದ ಚಾಚುಗಳನ್ನು ಯಾರೂ ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಿದ್ದಲ್ಲ. ಗೋಡೆ ಕಟ್ಟುವಾಗಲೇ ಅದರೊಳಗೆ ಆಳವಾಗಿ ಹುದುಗಿಸಿ, ಮೇಲಿನ ಗೋಡೆಯ ಭಾರವೇ ಅದನ್ನು ಒತ್ತಿ ಹಿಡಿಯುವಂತೆ ಮಾಡಿದ್ದು. ಮಣ್ಣು ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತವನ್ನು ತಡೆಯಲಾರದು. ಈ ಒಂದು ಸಂಗತಿ ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ.

ಗೋಡೆಯ ಆಚೆ ಬದಿಗೂ ಹೋಗಲು ದಾರಿಯಿದ್ದರೆ ನಾವು ಸೂಚಿಸುವ ಕ್ರಮ ಹೀಗಿದೆ. ಉದ್ದಕ್ಕೂ ತಿರುಪು ಕೊರೆದ 10 ಮಿ.ಮೀ. ಕಬ್ಬಿಣದ ಸರಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದ ಬೈರಿಗೆಯಿಂದಾಗಲಿ, ಉದ್ದ ಬಿಟ್ಟಿನ ಯಂತ್ರದಿಂದಾಗಲಿ ಗೋಡೆಯ ಈ ಬದಿಯಿಂದ ಆ ಬದಿಗೆ ನಾಲ್ಕು ತೂತು ಮಾಡಿ ಸರಳನ್ನು ಹಾಯಿಸಬೇಕು. ಈಚೆ ಬದಿಯಲ್ಲಿ ಒಂದೂವರೆ ಇಂಚು ದಪ್ಪದ ಎರಡು ಮರದ ಪಟ್ಟಿ, ಆಚೆ ಬದಿಯಲ್ಲಿಯೂ ಅಂತಹುದೇ ಪಟ್ಟಿ ಅಥವಾ ಅಂಗೈಯಗಲದ ಕಬ್ಬಿಣದ ತಗಡು ಇಟ್ಟು ವಾಷರ್ ಸಮೇತ ನಟ್ಟು ಬಿಗಿಯಬೇಕು. ಆಗ ಟಿ.ವಿ. ಎಳೆಯುವ ಎಳೆತವೆಲ್ಲ ಆಚೆ ಬದಿಯಲ್ಲಿ ಒತ್ತುವ ಭಾರವಾಗಿ ಮಾರ್ಪಡುತ್ತದೆ. ಅತಿಯಾಗಿ ಬಿಗಿದು ಗೋಡೆಯನ್ನು ಕುಸಿಸಬಾರದು. ಪಟ್ಟಿ ಅಲುಗದಷ್ಟು ಸಾಕು. ಬ್ರಾಕೆಟ್ಟನ್ನು ಈಚೆಯ ಮರದ ಪಟ್ಟಿಗೆ ತಿರುಪಿದರಾಯಿತು.

ಮರದ ವಿಷಯದಲ್ಲಿ ಒಂದು ಮಾತು. ಮನೆಯಲ್ಲಿ ಬಿದ್ದಿದೆಯೆಂದು ಅಡಿಕೆ ದಬ್ಬೆಯನ್ನು ಹಾಕಬೇಡಿ. ತಿರುಪು ಹೋದೊಡನೆ ನಾರಿನುದ್ದಕ್ಕೂ ಸೀಳುತ್ತದೆ. ತೋಟದ ಸಿಲ್ವರ್ ಓಕ್ ಹಲಗೆಗೆ ಗೆದ್ದಲಿನ ಭಯ. ಹಲಸು, ಸಾಗುವಾನಿ, ಹೊನ್ನೆಯ ಕೆಚ್ಚು ಆಗಬಹುದು. ಮಣ್ಣಿಗೆ ತಾಗುವ ಮುಖಕ್ಕೆ ಗೆದ್ದಲು ಔಷಧಿ ಬಳಿದು ಒಣಗಿಸಿಯೇ ಕೂರಿಸಬೇಕು. ಹಳೆಯ ಮನೆಗಳಲ್ಲಿ ಗೋಡೆಗೆ ಮರದ ಬೆಣೆ ಬಡಿದು ಅದಕ್ಕೆ ಮೊಳೆ ಹೊಡೆದಿರುವ ಜಾಗಗಳಿರುತ್ತವೆ. ಅವನ್ನು ನಂಬಲಾಗದು, ಒಳಗಿನ ಬೆಣೆಯನ್ನು ಗೆದ್ದಲು ತಿಂದು ಬರಿ ಆಕಾರ ಉಳಿಸಿರುವುದು ನಮ್ಮ ಅನುಭವಕ್ಕೆ ಬಂದಿದೆ.

ಆಚೆ ಬದಿಗೆ ಹೋಗಲು ಆಗದಿದ್ದರೆ ಇಲ್ಲವೆ ಗೋಡೆಯಲ್ಲಿ ಬಿರುಕಿದ್ದರೆ ಟಿ.ವಿ.ಯನ್ನು ಮೇಜಿನ ಮೇಲೆಯೇ ಇಡುವುದು ಒಳ್ಳೆಯದು. ಇದರಲ್ಲಿ ಮರ್ಯಾದೆ ಕಡಿಮೆಯಾಗುವುದೇನೂ ಇಲ್ಲ. ಆದರೆ ತೆಳು ಟಿ.ವಿ.ಯ ಕಾಲುಗಳು ಕಿರಿದು. ಅಂಬೆಗಾಲಿಡುವ ಮಗು ಅದರ ಅಂಚು ಹಿಡಿದು ಎದ್ದು ನಿಲ್ಲಲು ನೋಡಿದರೆ ಮುಂದಕ್ಕೆ ಮಗುಚುತ್ತದೆ. ಹಿಂಬದಿಯ ತಿರುಪಿನ ತೂತಿಗೆ ಗಟ್ಟಿ ಪಟ್ಟಿಯೊಂದನ್ನು ಸಿಕ್ಕಿಸಿ ಮೇಜಿನ ಹಿಂಬದಿಗೆ ಕಟ್ಟಿರಬೇಕು. ಮೇಜು ಅಗಲವಾಗಿಯೂ ತಗ್ಗಾಗಿಯೂ ಇರಲಿ.

ಜಂಬಿಟ್ಟಿಗೆ ಕಲ್ಲಿನ ಗೋಡೆ ಒಂದು ವಿಚಿತ್ರ ಪ್ರಾಣಿ. ಗಣಿಯಿಂದ ತೆಗೆಯುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಇದು, ಮೈಯೆಲ್ಲ ರಂಧ್ರ. ಒಂದು ಕಲ್ಲು ಉಕ್ಕಿನಂತಿದ್ದರೆ ಪಕ್ಕದ್ದು ಬೆಲ್ಲದಂತಿರಬಹುದು. ಒಳಗೆ ಹಿಗ್ಗಿ ಹಿಡಿಯುವ ಕಬ್ಬಿಣದ ಬೋಲ್ಟು ಇಂತಹ ಕಲ್ಲನ್ನು ಒಳಗಿನಿಂದ ಸೀಳುವುದುಂಟು. ಇದಕ್ಕೆ ತಕ್ಕದ್ದು ಅಂಟಿನ ಆಂಕರ್, ಎಂದರೆ ಎರಡು ರಾಳಗಳು ಬೆರೆತು ಗಟ್ಟಿಯಾಗುವ ಕೊಳವೆಯ ಅಂಟು. 10 ಮಿ.ಮೀ. ಸರಳಿಗೆ 12 ಮಿ.ಮೀ. ತೂತು, ಕನಿಷ್ಠ ಮೂರೂವರೆ ಇಂಚು ಆಳ. ಒಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ, ಕುಂಚದಿಂದ ಉಜ್ಜಿ, ಮತ್ತೆ ಊದಿ ತೆಗೆಯಬೇಕು. ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನು, ಕಲ್ಲನ್ನಲ್ಲ. ಅಂಟು ತುಂಬಿ ಸರಳನ್ನು ತಿರುಗಿಸುತ್ತ ತೂರಿಸಿ, ಕೊಳವೆಯ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು. ಈ ಕೆಲಸಕ್ಕೆ ಗೋಡೆ ಒಣಗಿರಬೇಕಾದ್ದರಿಂದ ಫೆಬ್ರವರಿಯಿಂದ ಮೇ ತಿಂಗಳ ನಡುವೆ ಮಾಡುವುದು ಲೇಸು. ತೂತು ಕಲ್ಲಿನ ನಡುಮಧ್ಯಕ್ಕೆ ಬೀಳಬೇಕೇ ಹೊರತು ಎರಡು ಕಲ್ಲುಗಳ ನಡುವಿನ ಮಣ್ಣಿನ ಸಂದಿಗಲ್ಲ.

ಉಳಿದವುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಆರಿಂಚು ಗಟ್ಟಿ ಸಿಮೆಂಟ್ ಬ್ಲಾಕು, ಒಂಬತ್ತಿಂಚು ಇಟ್ಟಿಗೆ, ಕಾಂಕ್ರೀಟು ಇವುಗಳಲ್ಲಿ ಒಳ್ಳೆಯ ನೈಲಾನ್ ಪ್ಲಗ್ಗು 10 ಮಿ.ಮೀ. ದಪ್ಪದ್ದು ಹಾಕಿದರೆ ಸಾಕು. ಅಂಚಿನಿಂದ ಅರ್ಧ ಅಡಿಯಾದರೂ ಒಳಗಿರಲಿ. ಟೊಳ್ಳು ಬ್ಲಾಕಿನಲ್ಲಿ ಯಂತ್ರದ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಬರಿ ತಿರುಗಿಸಿ ಕೊರೆಯಬೇಕು, ಇಲ್ಲವಾದರೆ ಒಳಗಡೆ ತೆಳು ಪದರ ಚಕ್ಕೆಯಾಗಿ ಉದುರುತ್ತದೆ. ಅಲ್ಲಿಗೆ ಒಳಹೊಕ್ಕ ಮೇಲೆ ರೆಕ್ಕೆ ಬಿಚ್ಚಿಕೊಳ್ಳುವ ಬೋಲ್ಟು ಅಥವಾ ಜಾಲರಿ ಕೊಳವೆಯೊಳಗೆ ಅಂಟು ತುಂಬುವ ಕ್ರಮ ತಕ್ಕದ್ದು. ಬಿಳಿ ಹಗುರ ಬ್ಲಾಕಿಗೆ ಅದಕ್ಕೆಂದೇ ಮಾಡಿದ ಉದ್ದ ಪ್ಲಗ್ಗುಗಳಿವೆ. ಹಲಗೆಯ ಅಡ್ಡಗೋಡೆಯಾದರೆ ಹಲಗೆಗಲ್ಲ, ಅದರ ಹಿಂದಿನ ಚೌಕಟ್ಟಿನ ಮರಕ್ಕೆ ತಿರುಪಬೇಕು.

ತೋಳಿನ ಲೆಕ್ಕ

ಅಂಗಡಿಯಲ್ಲಿ ಮೂರು ಬಗೆಯ ಬ್ರಾಕೆಟ್ಟುಗಳು ದೊರೆಯುತ್ತವೆ. ಗೋಡೆಗೆ ಒತ್ತಿಕೊಂಡು ಅಲುಗದೆ ನಿಲ್ಲುವುದು ಒಂದು. ಸ್ವಲ್ಪ ಮುಂದಕ್ಕೆ ಬಾಗಿಸಬಹುದಾದದ್ದು ಎರಡನೆಯದು. ತೋಳಿನಂತೆ ಹೊರಕ್ಕೆಳೆದು ಎಡಕ್ಕೂ ಬಲಕ್ಕೂ ತಿರುಗಿಸುವಂತಹುದು ಮೂರನೆಯದು. ಮಕ್ಕಳಿಗೆ ಮೂರನೆಯದೇ ಇಷ್ಟ, ಅಂಗಡಿಯವನಿಗೂ ಅದೇ ಇಷ್ಟ. ಆದರೆ ಕೊಳ್ಳುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡಬೇಕು.

ಒಂದು ಅಡಿಕೆ ಗೊನೆಯನ್ನು ಕೈಯಲ್ಲಿ ಎತ್ತಿ ಹಿಡಿಯುವುದು ಯಾರಿಗೂ ಕಷ್ಟವಲ್ಲ. ಅದೇ ಗೊನೆಯನ್ನು ದೋಟಿಯ ತುದಿಗೆ ಸಿಕ್ಕಿಸಿ, ದೋಟಿಯನ್ನು ನೆಲಕ್ಕೆ ಅಡ್ಡಲಾಗಿ ಹಿಡಿದು ನಿಲ್ಲಿ ಎಂದರೆ ನುರಿತ ಕೊನೆಗಾರನ ಮಣಿಕಟ್ಟೂ ಸೋಲುತ್ತದೆ. ಗೊನೆಯ ತೂಕ ಹೆಚ್ಚಲಿಲ್ಲ, ದೂರ ಹೆಚ್ಚಿತು. ಗೋಡೆಯಲ್ಲಿಯೂ ಹೀಗೆಯೇ.

ಟಿ.ವಿ.ಯ ತೂಕ 15 ಕಿಲೋ ಎನ್ನೋಣ. ಬ್ರಾಕೆಟ್ಟಿನ ಗೋಡೆ ತಗಡಿನಲ್ಲಿ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ಇರುವ ಅಂತರ 20 ಸೆಂ.ಮೀ. ಅಲುಗದ ಬ್ರಾಕೆಟ್ಟಿನಲ್ಲಿ ಟಿ.ವಿ.ಯ ಭಾರ ಗೋಡೆಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿರುತ್ತದೆ. ತೂಕವನ್ನು ದೂರದಿಂದ ಗುಣಿಸಿ ಬೋಲ್ಟುಗಳ ಅಂತರದಿಂದ ಭಾಗಿಸಿದರೆ, 15 × 5 ÷ 20, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಎಳೆತ ಸಿಗುತ್ತದೆ: ನಾಲ್ಕು ಕಿಲೋಗೂ ಕಡಿಮೆ. ಈಗ ತೋಳಿನ ಬ್ರಾಕೆಟ್ಟನ್ನು 50 ಸೆಂ.ಮೀ. ಹೊರಕ್ಕೆಳೆಯಿರಿ. 15 × 50 ÷ 20, ಎಂದರೆ ಮೂವತ್ತೇಳೂವರೆ ಕಿಲೋ. ಅದೇ ಟಿ.ವಿ., ಅದೇ ಗೋಡೆ, ಎಳೆತ ಹತ್ತು ಪಟ್ಟು. ಇನ್ನು 20 ಕಿಲೋ ತೂಕದ ಪುಟ್ಟನೊಬ್ಬ ಆ ಟಿ.ವಿ.ಗೆ ಜೋತುಬಿದ್ದನೆನ್ನಿ, 35 × 50 ÷ 20, ಎಳೆತ ಎಂಬತ್ತೇಳು ಕಿಲೋ ದಾಟಿತು. ಜೋತುಬೀಳುವ ರಭಸವನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಇದರ ಜೊತೆಗೆ ಕೆಳಮುಖದ ಭಾರ ಬೇರೆ ಇದ್ದೇ ಇದೆ.

ಈ ಕಾರಣದಿಂದ ತೋಳಿನ ಬ್ರಾಕೆಟ್ಟು ಕಾಂಕ್ರೀಟಿಗೆ, ಗಟ್ಟಿ ಬ್ಲಾಕಿಗೆ ಮಾತ್ರ ಎಂಬುದು ನಮ್ಮ ಖಚಿತ ಅಭಿಪ್ರಾಯ. ಜಂಬಿಟ್ಟಿಗೆಗೂ ಮಣ್ಣಿಗೂ ಅಲುಗದ ಬ್ರಾಕೆಟ್ಟು. ಹಾಕಲೇಬೇಕೆಂದರೆ ಗೋಡೆ ತಗಡು ಉದ್ದವಾಗಿರುವುದನ್ನು ಆರಿಸಿ. ಬೋಲ್ಟುಗಳ ಅಂತರ 20 ಇದ್ದದ್ದು 40 ಸೆಂ.ಮೀ. ಆದರೆ ಎಳೆತ ಅರ್ಧಕ್ಕಿಳಿಯುವುದನ್ನು ಮೇಲಿನ ಲೆಕ್ಕದಿಂದಲೇ ಕಾಣಬಹುದು.

ಕೊಳ್ಳುವಾಗ ಇನ್ನೆರಡು ಅಳತೆ ಬೇಕು. ಟಿ.ವಿ.ಯ ಹಿಂಬದಿಯಲ್ಲಿ ಚೌಕವಾಗಿ ನಾಲ್ಕು ತಿರುಪಿನ ತೂತುಗಳಿರುತ್ತವೆ. ಇವುಗಳ ಅಂತರಕ್ಕೆ ವೇಸಾ ಎಂಬ ಅಂತರರಾಷ್ಟ್ರೀಯ ಮಾನಕವಿದೆ: 100 × 100, 200 × 200, 400 × 400 ಮಿ.ಮೀ. ಇತ್ಯಾದಿ, ಮೊದಲ ಅಂಕೆ ಅಡ್ಡ, ಎರಡನೆಯದು ಉದ್ದ. ಕಂಪನಿಯ ಹೆಸರು ಹೇಳಿ ಬ್ರಾಕೆಟ್ಟು ಕೇಳುವ ಬದಲು ಮನೆಯಿಂದಲೇ ಟೇಪು ಹಿಡಿದು ಅಳೆದುಕೊಂಡು ಹೋದರೆ ಎರಡನೆಯ ಸಲ ಪೇಟೆಗೆ ಹೋಗುವ ಬಸ್ ಚಾರ್ಜು ಉಳಿಯುತ್ತದೆ. ಬ್ರಾಕೆಟ್ಟಿನ ಪೆಟ್ಟಿಗೆಯ ಮೇಲೆ ಅದು ಹೊರುವ ಗರಿಷ್ಠ ತೂಕ ಬರೆದಿರಬೇಕು, ಬರೆದಿಲ್ಲವಾದರೆ ಕೊಳ್ಳಬೇಡಿ. ಟಿ.ವಿ.ಯ ತೂಕದ ಎರಡು ಪಟ್ಟು ಇದ್ದರೆ ನೆಮ್ಮದಿ. ಟಿ.ವಿ.ಗೆ ಹೋಗುವ ತಿರುಪು ಅಗತ್ಯಕ್ಕಿಂತ ಉದ್ದವಾದರೆ ಒಳಗಿನ ಭಾಗಕ್ಕೆ ಚುಚ್ಚಿ ಟಿ.ವಿ. ಕೆಡುತ್ತದೆ, ಗಿಡ್ಡವಾದರೆ ಎರಡೇ ಸುತ್ತು ಹಿಡಿದು ಜಾರುತ್ತದೆ. ಕೈಯಿಂದ ತಿರುಗಿಸುತ್ತ ಹೋಗಿ, ತಡೆ ಸಿಕ್ಕಿದೊಡನೆ ನಿಲ್ಲಿಸಬೇಕು. ತುಕ್ಕು ನಮ್ಮ ಸೀಮೆಯ ಶಾಪ. ಸತುವಿನ ಲೇಪವಿರುವ ಇಲ್ಲವೆ ಸ್ಟೇನ್‌ಲೆಸ್ ಬೋಲ್ಟುಗಳಿಗೆ ಕೊಡುವ ನಾಲ್ಕು ಕಾಸು ಹೆಚ್ಚಲ್ಲ.

ಯಾವ ದಿಕ್ಕಿನ ಗೋಡೆ, ಎಷ್ಟು ಎತ್ತರ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಎರಚಲನ್ನು ಮನೆಯ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳಿಗೇ ಬಡಿಯುತ್ತದೆ. ಆ ಗೋಡೆಯ ಒಳಮೈಯಲ್ಲಿ ಬೂಷ್ಟು ಬರುವ ಜಾಗ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು, ಅವರನ್ನೇ ಕೇಳಿ. ಅಲ್ಲಿ ಟಿ.ವಿ. ಬೇಡ. ಎರಡೂ ಬದಿ ಮನೆಯೊಳಗೇ ಇರುವ ನಡುಗೋಡೆ ಅತ್ಯುತ್ತಮ. ಆದರೆ ನಡುಗೋಡೆಯ ಆಚೆ ಬಚ್ಚಲಿನ ಹಂಡೆ ಒಲೆಯಿದ್ದರೆ, ಅಥವಾ ಅಡಿಕೆ ಬೇಯಿಸುವ ಒಲೆಗೆ ತಾಗಿದ ಗೋಡೆಯಾದರೆ ಅದೂ ವರ್ಜ್ಯ. ಬಿಸಿಯೂ ಹಬೆಯೂ ಒಟ್ಟಾಗಿ ಅಲ್ಲಿ ಕೆಲಸ ಮಾಡುತ್ತವೆ.

ಟಿ.ವಿ.ಯ ಹಿಂದೆ ಗಾಳಿಯಾಡಲು ಎರಡು ಬೆರಳಷ್ಟಾದರೂ ಸಂದಿ ಇರಲಿ. ಈ ಸಂದಿಯಲ್ಲಿ ಹಲ್ಲಿ ಮೊಟ್ಟೆಯಿಡುತ್ತದೆ, ಕುಂಬಾರ ಹುಳು ಮಣ್ಣು ತಂದು ಗಾಳಿ ತೂತುಗಳನ್ನು ಮುಚ್ಚುತ್ತದೆ. ಒಂದು ಮನೆಯಲ್ಲಿ ಟಿ.ವಿ. ಬಿಸಿಯಾಗಿ ನಿಂತುಹೋಗುತ್ತಿದೆಯೆಂದು ರಿಪೇರಿಯವನನ್ನು ಎರಡು ಸಲ ಕರೆಸಿದ್ದರು. ಕಡೆಗೆ ಹಿಂಬದಿಯಿಂದ ಅರ್ಧ ಸೇರು ಮಣ್ಣು ಇಳಿಯಿತು. ತಿಂಗಳಿಗೊಮ್ಮೆ ವಿದ್ಯುತ್ ತೆಗೆದು ಒಣ ಕುಂಚದಿಂದ ಜಾಡಿಸಿದರಾಯಿತು.

ಬೆಳಕಿನ ವಿಚಾರ: ತೊಟ್ಟಿಗೆ ಅಥವಾ ದೊಡ್ಡ ಕಿಟಕಿಗೆ ಎದುರಾಗಿ ಹಾಕಿದರೆ ಹಗಲಲ್ಲಿ ಪರದೆಯಲ್ಲಿ ಕಾಣುವುದು ಅಂಗಳದ ಅಡಿಕೆ ಚಪ್ಪರವೇ. ಕಿಟಕಿಗೆ ಮಗ್ಗುಲಾಗಿರುವ ಗೋಡೆ ಸರಿ.

ಎತ್ತರದಲ್ಲಿ ಎಲ್ಲರೂ ದೇವರ ಪಟವನ್ನೇ ಆದರ್ಶವಾಗಿಟ್ಟುಕೊಂಡಂತೆ ಕಾಣುತ್ತದೆ; ಬಾಗಿಲ ದಾರಂದಕ್ಕಿಂತ ಮೇಲೆ ಹಾಕಿ ಕತ್ತು ನೋವೆನ್ನುತ್ತಾರೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 100ರಿಂದ 110 ಸೆಂ.ಮೀ. ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಆ ಮಟ್ಟಕ್ಕೆ ಬಂದರೆ ಸಾಕು. ಚಾಪೆಯ ಮೇಲೆ ಕೂರುವ ಮನೆಯಾದರೆ ಇನ್ನೂ ಒಂದಡಿ ಕೆಳಗೆ. ಪುಟ್ಟ ಮಕ್ಕಳ ಕೈಗೆ ಎಟುಕಬಾರದೆಂದು ಮೇಲೇರಿಸುವುದು ಅನಿವಾರ್ಯವಾದಲ್ಲಿ ಮುಂದಕ್ಕೆ ಬಾಗುವ ಎರಡನೆಯ ಬಗೆಯ ಬ್ರಾಕೆಟ್ಟು ಆರಿಸಬೇಕು. ನೋಡುವ ದೂರ ಪರದೆಯ ಕರ್ಣದ ಒಂದೂವರೆಯಿಂದ ಎರಡೂವರೆ ಪಟ್ಟು. 43 ಇಂಚಿಗೆ ಐದರಿಂದ ಒಂಬತ್ತು ಅಡಿ. ಹತ್ತಡಿ ಕೋಣೆಗೆ 65 ಇಂಚು ತಂದು ಹಾಕುವುದು ಧಾರಣೆ ಏರಿದ ವರ್ಷದ ಕಾಯಿಲೆ.

ವಿದ್ಯುತ್ತಿನ ಬಗೆಗೆ ಎಚ್ಚರಿಕೆ ಅಗತ್ಯ. ಸ್ವಿಚ್ಚು ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಗೋಡೆಯೊಳಗೆ ತಂತಿ ಹೋಗಿರುವ ಸಂಭವವಿದೆ. ಆ ಗೆರೆಗಳಲ್ಲಿ ಕೊರೆಯಬಾರದು. ಒದ್ದೆ ಗೋಡೆಯಲ್ಲಂತೂ ಯಂತ್ರ ಹಿಡಿಯಲೇಬಾರದು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ವಿದ್ಯುತ್ ತಂತಿಯಿಂದಲೂ ಮಾಡಿನ ಮೇಲಿನ ಡಿಶ್ಶಿನ ಕೇಬಲ್ಲಿನಿಂದಲೂ ಒಳಗೆ ಬರುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು, ಪಿನ್ನನ್ನೂ ಕೇಬಲ್ಲನ್ನೂ ಎರಡನ್ನೂ ಕಳಚಬೇಕು. ಟಿ.ವಿ.ಯನ್ನು ಗೋಡೆಗೆ ಒತ್ತಿ ಹಾಕಿ ಪಿನ್ನು ಅದರ ಹಿಂದೆ ಸಿಕ್ಕಿಕೊಂಡರೆ ಗುಡುಗುವ ಹೊತ್ತಿನಲ್ಲಿ ಕೈ ಹೋಗುವುದಿಲ್ಲ. ಆದ್ದರಿಂದ ಪಿನ್ನಿನ ಜಾಗ ಟಿ.ವಿ.ಯ ಪಕ್ಕಕ್ಕೆ, ಕೈಗೆಟುಕುವಂತಿರಲಿ. ಹೊಸ ಮನೆ ಕಟ್ಟಿಸುವವರು ಟಿ.ವಿ. ಬರುವ ಜಾಗದ ಗೋಡೆಯಲ್ಲಿ ನಾಲ್ಕಡಿ ಅಗಲಕ್ಕೆ ಟೊಳ್ಳು ಬ್ಲಾಕಿನ ಬದಲು ಗಟ್ಟಿ ಬ್ಲಾಕು ಇಡಿಸಿ, ಎರಡಿಂಚಿನ ಪೈಪೊಂದನ್ನು ಗೋಡೆಯೊಳಗೆ ಇಳಿಬಿಡಿಸಿಕೊಂಡರೆ ಮುಂದೆ ಕಿತ್ತು ಕೆರೆಯುವ ಕೆಲಸ ತಪ್ಪುತ್ತದೆ.

ಲೈನ್ ಮನೆಗಳ ಮಾತು

ತೋಟದ ಮಾಲೀಕ ಸದಸ್ಯರ ಗಮನಕ್ಕೆ ಇದನ್ನು ಪ್ರತ್ಯೇಕವಾಗಿ ತರುತ್ತಿದ್ದೇವೆ. ಕಾರ್ಮಿಕರ ಲೈನುಗಳಲ್ಲಿ ಈಗ ಹೆಚ್ಚಿನ ಮನೆಗಳಲ್ಲಿ ಟಿ.ವಿ. ಇದೆ. ಎರಡು ಮನೆಗಳ ನಡುವೆ ನಾಲ್ಕಿಂಚಿನ ಒಂದೇ ಗೋಡೆ ಇರುವುದುಂಟು. ಈ ಮನೆಯವರು ಟಿ.ವಿ.ಗೆಂದು ಕೊರೆದ ತೂತು ಆ ಮನೆಯ ಗೋಡೆಯ ಚಕ್ಕೆಯನ್ನು ಕೆಡವುತ್ತದೆ. ಎರಡೂ ಕಡೆಯವರು ಒಂದೇ ಬ್ಲಾಕಿನ ಎರಡು ಮುಖಗಳಿಗೆ ಎರಡು ಟಿ.ವಿ. ನೇತುಹಾಕಿದ್ದನ್ನೂ ನೋಡಿದ್ದೇವೆ. ಕೋಣೆ ಚಿಕ್ಕದಾದ್ದರಿಂದ ಮಕ್ಕಳು ಮಲಗುವುದು ಅದರ ಕೆಳಗೇ. ಗೋಡೆ ಮಾಲೀಕರದು, ಟಿ.ವಿ. ಕಾರ್ಮಿಕರದು ಎಂದು ಸುಮ್ಮನಿರುವುದು ಸರಿಯಲ್ಲವೆಂಬುದು ನಮ್ಮ ಅಭಿಮತ. ಕೋಣೆಯ ಮೂಲೆಯಲ್ಲಿ ಎರಡೂ ಗೋಡೆಗಳನ್ನು ಆತುಕೊಂಡು ನೆಲದಿಂದಲೇ ಎದ್ದ ಒಂದು ಮರದ ಚೌಕಟ್ಟನ್ನು ಬಡಗಿಯಿಂದ ಮಾಡಿಸಿಕೊಟ್ಟರೆ 32 ಇಂಚಿನ ಟಿ.ವಿ.ಯನ್ನು ಅದಕ್ಕೇ ತಿರುಪಿ ನಿಲ್ಲಿಸಬಹುದು. ಭಾರ ನೆಲಕ್ಕೆ ಹೋಗುತ್ತದೆ, ಗೋಡೆ ಬರಿ ಆಸರೆ. ಮಳೆಗಾಲದ ಮುಂಚಿನ ದುರಸ್ತಿಯ ಪಟ್ಟಿಯಲ್ಲಿ ಹಂಚು, ರೀಪುಗಳ ಜೊತೆಗೆ ಇದೂ ಸೇರಲಿ.

ಕಡೆಯ ಪರೀಕ್ಷೆ. ಅಲುಗದ ಬ್ರಾಕೆಟ್ಟನ್ನು ಗೋಡೆಗೆ ಬಿಗಿದೊಡನೆ ಟಿ.ವಿ. ಏರಿಸಬೇಡಿ. ಬ್ರಾಕೆಟ್ಟಿನ ಮೇಲೆ 50 ಕಿಲೋ ಅಥವಾ ಅದಕ್ಕೂ ಮಿಕ್ಕಿ ಎಂದು ಬರೆದಿದ್ದರೆ ಅದಕ್ಕೆ ಒಂದು ಯೂರಿಯಾ ಚೀಲವನ್ನು ಹಗ್ಗದಿಂದ ಇಳಿಬಿಡಿ. ಯೂರಿಯಾ ಚೀಲ 2018ರಿಂದ 45 ಕಿಲೋದ್ದು. ಕೆಳಗೆ ಗೋಣಿತಾಟು ಹಾಸಿ ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ತಗಡಿಗೂ ಗೋಡೆಗೂ ನಡುವೆ ಕಾಗದ ತೂರುವಷ್ಟು ಸಂದಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಎಲ್ಲವನ್ನೂ ಬಿಚ್ಚಿ ಬೇರೆ ಕ್ರಮ ಹಿಡಿಯಬೇಕು. ತೋಳಿನ ಬ್ರಾಕೆಟ್ಟಾದರೆ ಬರೆದ ಗರಿಷ್ಠ ತೂಕ ಮೀರದಂತೆ, ತೋಳನ್ನು ಪೂರ್ತಿ ಹೊರಕ್ಕೆಳೆದು ಪರೀಕ್ಷಿಸಬೇಕು. ಬ್ರಾಕೆಟ್ಟು ನೆಟ್ಟಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವುದು ಟಿ.ವಿ. ಏರಿಸುವ ಮೊದಲು, ನಂತರವಲ್ಲ. ಟಿ.ವಿ. ಸಿಕ್ಕಿಸಿದ ಮೇಲೆ ಅಡಿಯಲ್ಲಿರುವ ಚಿಕ್ಕ ಬೀಗದ ತಿರುಪನ್ನು ಬಿಗಿಯುವುದನ್ನು ಬಹಳ ಮಂದಿ ಮರೆಯುತ್ತಾರೆ. ಕೆಳಗಿನಿಂದ ಕೈ ತಾಗಿದರೆ ಕೊಂಡಿಯಿಂದ ಏಳದಂತೆ ತಡೆಯುವುದು ಅದೊಂದೇ.

ಸಂಘದ ಕಚೇರಿಯಲ್ಲಿ ಸುತ್ತಿಗೆ ಹೊಡೆತದ ಕೊರೆಯುವ ಯಂತ್ರ, ಎರಡಡಿ ಉದ್ದದ 12 ಮಿ.ಮೀ. ಬಿಟ್ಟು ಮತ್ತು ಒಂದು ರಸಮಟ್ಟವನ್ನು ಇರಿಸಲಾಗಿದೆ. ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಂದು ದಿನದ ಮಟ್ಟಿಗೆ ಒಯ್ಯಬಹುದು. ಮಾರನೆಯ ದಿನ ಮಧ್ಯಾಹ್ನದೊಳಗೆ ಪುಡಿ ಒರೆಸಿ ಹಿಂತಿರುಗಿಸತಕ್ಕದ್ದು. ಸಣ್ಣ ಬಿಟ್ಟುಗಳನ್ನು ತಾವೇ ತಂದುಕೊಳ್ಳಬೇಕು.